ಸ್ಕ್ಯಾಂಡಿನೇವಿಯನ್ ಅಂದ್ರೆ ಬಿಳಿ ಗೋಡೆ, ಬೂದು ಸೋಫಾ ಅಷ್ಟೇನಾ?

ಉತ್ತರದ_ಬೆಳಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತಾದಾಗ ಓದಿ.

ಹೋದ ತಿಂಗಳು ಸ್ಟಾಕ್‌ಹೋಮ್‌ನಿಂದ ಬೆಂಗಳೂರಿಗೆ ಬಂದಿದ್ದೆ. ಅಕ್ಕ ಹೊಸ ಫ್ಲ್ಯಾಟ್ ತಗೊಂಡಿದ್ದಾಳೆ. ಒಳಗಿನ ಕೆಲಸ ಮಾಡಿಕೊಟ್ಟವರು ‘ಪೂರ್ತಿ ಸ್ಕ್ಯಾಂಡಿನೇವಿಯನ್ ಸ್ಟೈಲ್’ ಅಂತ ಹೇಳಿದ್ದರಂತೆ. ಗೋಡೆ ಬಿಳಿ, ಸೋಫಾ ಬೂದು, ಪರದೆ ಬೂದು. ಕಪಾಟಿಗೆ ಹಿಡಿಕೆ ಕೂಡ ಇಲ್ಲ. ಅಮ್ಮ ಕಸೂತಿ ಹಾಕಿದ ಮೇಜಿನ ಬಟ್ಟೆ ಎಲ್ಲಿ ಅಂತ ಕೇಳಿದೆ. ಲಾಫ್ಟ್ ಮೇಲೆ. ಅಜ್ಜನ ಬೀಟೆಮರದ ಕುರ್ಚಿ? ಅದೂ ಲಾಫ್ಟ್ ಮೇಲೆ. ‘ಸ್ಟೈಲಿಗೆ ಹೊಂದಲ್ಲ ಅಂದ್ರು ಕಣೇ’ ಅಂದಳು.

ನನಗೆ ತುಂಬಾ ಬೇಜಾರಾಯಿತು. ಯಾವ ನಾಡಿನ ಹೆಸರು ಹೇಳಿ ಅಮ್ಮನ ಬಟ್ಟೆಯನ್ನು ಮೇಲಕ್ಕೆ ಹಾಕಿದರೋ, ಅದೇ ನಾಡಿನಲ್ಲಿ ಹೂವು, ಬಳ್ಳಿ, ಹಕ್ಕಿ ತುಂಬಿದ ಬಟ್ಟೆಯ ಪರವಾಗಿ ಜೀವನವಿಡೀ ವಾದ ಮಾಡಿದವರೊಬ್ಬರಿದ್ದರು. ಯೋಸೆಫ್ ಫ್ರಾಂಕ್ ಅಂತ.

ಫ್ರಾಂಕ್ ಹುಟ್ಟಿದ್ದು 1885ರಲ್ಲಿ, ವಿಯೆನ್ನಾ ಹತ್ತಿರದ ಬಾಡೆನ್‌ನಲ್ಲಿ. ಯಹೂದಿ, ಕಟ್ಟಡಗಳ ವಿನ್ಯಾಸ ಮಾಡುತ್ತಿದ್ದವರು. ಅಲಂಕಾರ ಬೇಡ, ಹೊಸ ಕಾಲಕ್ಕೆ ಹೊಸ ಥರದ ಸರಳ ಮನೆ ಬೇಕು ಅನ್ನೋ ಮಾಡರ್ನಿಸ್ಟ್ ಬಳಗಕ್ಕೆ ಹೊರಗಿನವರಲ್ಲ, ಒಳಗಿನವರೇ. 1927ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮೀಸ್ ವಾನ್ ಡೆರ್ ರೋಹ ಅನ್ನೋ ಆರ್ಕಿಟೆಕ್ಟ್ ಮುಂದಾಳಾಗಿ ವೈಸನ್‌ಹೋಫ್ ಅನ್ನೋ ಬಡಾವಣೆ ಮಾಡಿಸಿದರು. ಹೊಸ ಕಾಲದ ಮನೆ ಹೇಗಿರಬೇಕು ಅಂತ ಲೋಕಕ್ಕೆ ತೋರಿಸೋ ಬಡಾವಣೆ ಅದು. ಲ ಕಾರ್ಬೂಸಿಯೆ, ಗ್ರೋಪಿಯಸ್ ಥರದ ಹೆಸರಾಂತ ಆರ್ಕಿಟೆಕ್ಟ್‌ಗಳೆಲ್ಲ ಅಲ್ಲಿ ಮನೆ ಕಟ್ಟಿದರು. ಫ್ರಾಂಕ್ ಕೂಡ ಕಟ್ಟಿದರು. ಹೊರಗಿಂದ ಅದೂ ಚಪ್ಪಟೆ ತಾರಸಿಯ, ಅಲಂಕಾರ ಇಲ್ಲದ ಮನೆಯೇ. ಒಳಗೆ ಕಾಲಿಟ್ಟರೆ ಮಾತ್ರ ಮೆತ್ತನೆ ದಿಂಬು, ಹೂವಿನ ಪರದೆ, ಬಣ್ಣದ ಬಟ್ಟೆ. ಉಳಿದವರಿಗೆ ಇದು ಹಿಡಿಸಲಿಲ್ಲ. ಹೆಂಗಸರ ಮನೆ ಥರ ಇದೆ, ಹಳೇ ಕಾಲದ ಮನೆ ಥರ ಇದೆ ಅಂತ ಟೀಕೆ ಮಾಡಿದರು.

ನಾಜಿಗಳ ಕಾಲ ಬಂದಾಗ ಅವರು ಹೆಂಡತಿಯ ನಾಡಾದ ಸ್ವೀಡನ್‌ಗೆ ಬಂದುಬಿಟ್ಟರು. ಎಸ್ಟ್ರಿಡ್ ಎರಿಕ್ಸನ್ ಅನ್ನೋ ಹೆಣ್ಣುಮಗಳು 1924ರಲ್ಲಿ ಸ್ವೆನ್ಸ್ಕ್ಟ್ ಟೆನ್ ಅನ್ನೋ ಅಂಗಡಿ ಶುರು ಮಾಡಿದ್ದರು. ಮೊದಲು ತವರದ ಸಾಮಾನು ಮಾರುತ್ತಿದ್ದ ಅಂಗಡಿ. 1934ರಲ್ಲಿ ಫ್ರಾಂಕ್ ಅಲ್ಲಿ ಸೇರಿದಾಗ ಹತ್ತಿರ ಹತ್ತಿರ 50 ವರ್ಷ. ಆಮೇಲೆ ಮಾಡಿದ ಕೆಲಸವೇ ಇವತ್ತು ಅವರ ಹೆಸರು ಉಳಿಸಿರೋದು. ಯುದ್ಧದ ಕಾಲದಲ್ಲಿ ನ್ಯೂಯಾರ್ಕ್‌ನಲ್ಲಿದ್ದರು. 1944ರಲ್ಲಿ ಎಸ್ಟ್ರಿಡ್‌ಗೆ 50 ತುಂಬಿದಾಗ ಅಲ್ಲಿಂದಲೇ 50 ಹೊಸ ಬಟ್ಟೆ ವಿನ್ಯಾಸ ಬರೆದು ಉಡುಗೊರೆ ಕಳಿಸಿದರು.

ಅಂಗಡಿ ಈಗಲೂ ಸ್ಟ್ರಾಂಡ್‌ವೇಗನ್ ರಸ್ತೆಯಲ್ಲಿ, ನೀರಿನ ಎದುರಿಗೇ ಇದೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೆ ಕತ್ತಲಾದಾಗ ನಾನು ಸುಮ್ನೆ ಒಳಗೆ ಹೋಗಿ ಒಂದು ಬಟ್ಟೆ ಮುಂದೆ ನಿಲ್ಲುತ್ತೇನೆ. ನಾರಗಸೆಯ (ಲಿನನ್) ದಪ್ಪ ಬಟ್ಟೆ. ಒಂದೇ ಬುಡದಿಂದ ಹತ್ತು ಥರದ ಹೂವು, ಕಾಯಿ, ಎಲೆ ಹೊರಟಿವೆ. ಒಂದು ರೆಂಬೆಯದು ಇನ್ನೊಂದರಂತಿಲ್ಲ. ಅಚ್ಚು ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಯಿತು ಅಂತ ಹುಡುಕಿದರೆ ಬೇಗ ಸಿಗಲ್ಲ. ಫ್ರಾಂಕ್ ಹೇಳಿದ್ದೂ ಇದೇ. ಬರೀ ಒಂದೇ ಬಣ್ಣದ ಗೋಡೆ ಮನಸ್ಸಿಗೆ ನೆಮ್ಮದಿ ಕೊಡಲ್ಲ, ಕಣ್ಣಿಗೆ ಅಲೆದಾಡೋಕೆ ಜಾಗ ಇದ್ದರೆ ಮನಸ್ಸು ತಣ್ಣಗಾಗುತ್ತೆ ಅಂತ. ನೀವೆಲ್ಲ ಏನಂತೀರಿ?

ಹಲಸಿನ_ಹಲಗೆ

ಮೇಡಂ, ಬರೆದಿದ್ದು ಖುಷಿಯಾಯಿತು. ನಾನು ಸಾಗರದ ಕಡೆ ಮರಗೆಲಸ ಮಾಡೋನು. ಅಪ್ಪನೂ ಅದೇ ಕೆಲಸ. ನನಗೆ ಬಟ್ಟೆ ಬಗ್ಗೆ ಗೊತ್ತಿಲ್ಲ. ಆದರೆ ಫಿನ್‌ಲ್ಯಾಂಡಿನ ಆರ್ಕಿಟೆಕ್ಟ್ ಆಲ್ವಾರ್ ಆಲ್ಟೊ ಅವರ ಸ್ಟೂಲ್ ಬಗ್ಗೆ ಹೇಳಲೇಬೇಕು. ‘ಸ್ಟೂಲ್ 60’ ಅಂತಾರೆ, 1933ರದು. ಒಂದು ದುಂಡು ಹಲಗೆ, ಮೂರು ಕಾಲು, ಅಷ್ಟೇ.

ಆಗ ಜರ್ಮನಿಯಲ್ಲಿ, ಫ್ರಾನ್ಸ್‌ನಲ್ಲಿ ಹೊಸ ಕುರ್ಚಿ ಅಂದರೆ ಬಗ್ಗಿಸಿದ ಉಕ್ಕಿನ ಕೊಳವೆ. ಮರ ಹಳೇದು, ಉಕ್ಕು ಹೊಸದು ಅನ್ನೋ ನಂಬಿಕೆ. ಆಲ್ಟೊ ಕೂಡ ಮೊದಲು ಕೊಳವೆಯಲ್ಲೇ ಪ್ರಯೋಗ ಮಾಡಿದವರು. ಆಮೇಲೆ ಬಿಟ್ಟರು. ಉಕ್ಕು ಮುಟ್ಟಿದರೆ ತಣ್ಣಗೆ, ಬೆಳಕು ಬಿದ್ದರೆ ಕಣ್ಣಿಗೆ ಹೊಡೆಯುತ್ತೆ, ತಟ್ಟಿದರೆ ಸದ್ದು. ಫಿನ್‌ಲ್ಯಾಂಡ್ ಚಳಿಯಲ್ಲಿ ಅದರ ಮೇಲೆ ಕೈ ಇಟ್ಟು ನೋಡಿ. ಟುರ್ಕು ಊರಿನ ಒಟ್ಟೊ ಕೊರ್ಹೊನೆನ್ ಅನ್ನೋ ಪೀಠೋಪಕರಣ ತಯಾರಕರ ಜೊತೆ ಸೇರಿ, ಅಲ್ಲೇ ಬೆಳೆಯೋ ಬರ್ಚ್ ಮರವನ್ನೇ ಬಗ್ಗಿಸೋ ದಾರಿ ಕಂಡುಹಿಡಿದರು.

ಅದು ಹೇಗೆ ಅಂದರೆ, ಕಾಲಿನ ಮೇಲ್ತುದಿಯಲ್ಲಿ ಮರದ ಎಳೆಯ ಗುಂಟ ಗರಗಸದಿಂದ ಸಾಲಾಗಿ ಸೀಳೋದು. ಆ ಸೀಳುಗಳಲ್ಲಿ ಅಂಟು ಹಚ್ಚಿದ ತೆಳು ಮರದ ಪದರ ತೂರಿಸೋದು. ಆಮೇಲೆ ಅಚ್ಚಿನ ಮೇಲೆ ಬಗ್ಗಿಸಿ ಬಿಗಿಯೋದು. ಒಣಗಿದ ಮೇಲೆ ಮೂಲೆ ಗಟ್ಟಿ. ಕೆಳಗಿನ ಭಾಗ ಇಡೀ ಮರವೇ, ಮೂಲೆ ಮಾತ್ರ ಪದರ ಪದರ. ನಾನು ಸಿಲ್ವರ್ ಓಕ್‌ನಲ್ಲಿ ಮಾಡಿ ನೋಡಿದೆ. ಮೊದಲ ಎರಡು ಕಾಲು ಹೊರಮೈಯಲ್ಲಿ ಸೀಳಿಬಿಟ್ಟವು. ಸೀಳುಗಳ ನಡುವೆ ಉಳಿದ ಮರ ದಪ್ಪ ಆಗಿತ್ತು. ಮೂರನೇದಕ್ಕೆ ಸೀಳು ಹತ್ತಿರ ಹತ್ತಿರ ಹಾಕಿದೆ, ನಿಂತಿತು. ಆ ಮೂಲೆ ಮೇಲೆ ಬೆರಳಾಡಿಸಿದರೆ ಎಳೆ ಎಲ್ಲೂ ತುಂಡಾಗದೆ ಕಾಲಿಂದ ಹಲಗೆಯ ಕಡೆಗೆ ತಿರುಗೋದು ಕೈಗೆ ಗೊತ್ತಾಗುತ್ತೆ. ಅಪ್ಪ ಅದನ್ನ ತಿರುಗಿಸಿ ತಿರುಗಿಸಿ ನೋಡಿ ‘ಇದು ಮರ ಗೊತ್ತಿದ್ದವರ ಕೆಲಸ’ ಅಂದರು.

ರಾತ್ರಿಪಾಳಿ

ನಾನು ನರ್ಸ್. ಆಲ್ಟೊ ಹೆಸರು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನರ್ಸಿಂಗ್ ಓದುವಾಗ ನಮ್ಮ ಮೇಷ್ಟ್ರು ಒಬ್ಬರು ಪೈಮಿಯೊ ಕ್ಷಯರೋಗ ಆಸ್ಪತ್ರೆಯ ಚಿತ್ರ ತೋರಿಸಿದ್ದರು. ಇವತ್ತಿಗೂ ಮರೆತಿಲ್ಲ.

ಆಲ್ಟೊ ದಂಪತಿ ಅದನ್ನ ಮುಗಿಸಿದ್ದು 1933ರಲ್ಲಿ. ಕ್ಷಯಕ್ಕೆ ಔಷಧಿ ಇನ್ನೂ ಬಂದಿರಲಿಲ್ಲ. ಬಿಸಿಲು, ಗಾಳಿ, ವಿಶ್ರಾಂತಿ, ಅಷ್ಟೇ ಚಿಕಿತ್ಸೆ. ರೋಗಿ ತಿಂಗಳುಗಟ್ಟಲೆ ಮಲಗೇ ಇರುತ್ತಾನೆ. ಮಲಗಿದವನಿಗೆ ಕಾಣೋದು ಗೋಡೆಯಲ್ಲ, ಸೂರು. ಅದಕ್ಕೇ ಸೂರಿಗೆ ಕಣ್ಣಿಗೆ ಹಿತವಾಗೋ ಹಸಿರು ಬಣ್ಣ. ದೀಪ ರೋಗಿಯ ಕಣ್ಣಿಗೆ ನೇರ ಬೀಳದ ಜಾಗದಲ್ಲಿ. ಕೈ ತೊಳೆಯೋ ಬೇಸಿನ್ನಿಗೆ ನೀರು ಓರೆಯಾಗಿ ಬಿದ್ದು ಸದ್ದಾಗದ ಹಾಗೆ ಆಕಾರ ಕೊಟ್ಟರು. ಒಂದು ಕೋಣೆಯಲ್ಲಿ ಇಬ್ಬರು ರೋಗಿಗಳು. ಒಬ್ಬ ರಾತ್ರಿ ಎದ್ದು ಕೈ ತೊಳೆದರೆ ಇನ್ನೊಬ್ಬನಿಗೆ ಎಚ್ಚರ ಆಗಬಾರದು ಅಂತ. ಬಗ್ಗಿಸಿದ ಪ್ಲೈವುಡ್‌ನ ಪೈಮಿಯೊ ಕುರ್ಚಿಯ ಬೆನ್ನು ಹಿಂದಕ್ಕೆ ಬಾಗಿರೋದು ಕೂಡ ಉಸಿರಾಟ ಸಲೀಸಾಗಲಿ ಅಂತಲೇ.

ನಾನು ಕೆಲಸ ಮಾಡೋ ಕಡೆ ವಾರ್ಡಿನ ಟ್ಯೂಬ್‌ಲೈಟು ಮಂಚದ ನೇರ ಮೇಲೆ. ಎಷ್ಟೋ ಜನ ರಾತ್ರಿ ಟವೆಲ್ ಕಣ್ಣಿಗೆ ಹಾಕಿಕೊಂಡು ಮಲಗುತ್ತಾರೆ. ಅವರನ್ನ ನೋಡಿದಾಗೆಲ್ಲ ಆ ಬೇಸಿನ್ ನೆನಪಾಗುತ್ತೆ ನನಗೆ.

ಚೌಕದೊಳಗೆ

ಎಲ್ಲ ಚೆನ್ನಾಗಿದೆ. ಆದರೆ ಮಾಡರ್ನಿಸ್ಟರ ಪರವಾಗಿ ಯಾರಾದರೂ ಮಾತಾಡಬೇಕಲ್ವಾ? ನಾನು ಆರ್ಕಿಟೆಕ್ಚರ್ ಪಾಠ ಮಾಡುತ್ತೇನೆ, ಹಾಗಾಗಿ ನಾನೇ ಮಾತಾಡುತ್ತೇನೆ.

ಅವರು ಹೂವು ಬೇಡ ಅಂದಿದ್ದು ಬರೀ ರುಚಿಯ ಮಾತಲ್ಲ. ಮೊದಲ ಮಹಾಯುದ್ಧ ಮುಗಿದಾಗ ಯುರೋಪಿನ ಊರುಗಳಲ್ಲಿ ಕೂಲಿಯವರು ಕತ್ತಲ ಕೋಣೆಗಳಲ್ಲಿ ಇಕ್ಕಟ್ಟಾಗಿ ಬದುಕುತ್ತಿದ್ದರು. ಬೇಗ, ಅಗ್ಗವಾಗಿ, ಗಾಳಿ ಬೆಳಕು ಇರೋ ಮನೆ ಬೇಕಿತ್ತು. ಮಾರ್ಗರೆಟೆ ಶೂಟ್ಟೆ-ಲಿಹೊಟ್ಸ್ಕಿ 1926ರಲ್ಲಿ ಫ್ರಾಂಕ್‌ಫರ್ಟ್ ಅಡುಗೆಮನೆ ರೂಪಿಸಿದರು. ಹೆಂಗಸರು ಎಷ್ಟು ಹೆಜ್ಜೆ ನಡೆಯುತ್ತಾರೆ ಅಂತ ಲೆಕ್ಕ ಹಾಕಿ ಮಾಡಿದ್ದು. ಅಂಥವು ಸುಮಾರು 10,000 ಕಟ್ಟಿದರು. ಇದನ್ನ ನಾನು ತುಂಬಾ ಗೌರವದಿಂದ ನೋಡುತ್ತೇನೆ.

ಸ್ವೀಡನ್ ಕೂಡ ಈ ಹಾದಿಯಲ್ಲೇ ನಡೆದಿದೆ. 1930ರ ಸ್ಟಾಕ್‌ಹೋಮ್ ಪ್ರದರ್ಶನಕ್ಕೆ ಗುನ್ನಾರ್ ಆಸ್ಪ್ಲುಂಡ್ ಕಟ್ಟಿದ್ದು ಪೂರ್ತಿ ಗಾಜು, ಉಕ್ಕು. ಅದನ್ನ ಎದುರಿಸಿದ ಕಾರ್ಲ್ ಮಾಲ್ಮ್‌ಸ್ಟೆನ್ ಥರದ ಕುಶಲಕರ್ಮಿಗಳಿಗೂ ಅದರ ಪರವಾಗಿದ್ದವರಿಗೂ ದೊಡ್ಡ ಜಗಳವೇ ನಡೆಯಿತು. ಆಮೇಲೆ 1965ರಿಂದ 1974ರ ನಡುವೆ ಹತ್ತು ಲಕ್ಷ ಮನೆ ಕಟ್ಟೋ ಯೋಜನೆ. ಅದರಲ್ಲಿ ಎಷ್ಟೋ ಸಾಲು ಸಾಲು ಕಾಂಕ್ರೀಟ್ ಕಟ್ಟಡಗಳೇ. ಹಾಗಾಗಿ ಅಲ್ಲಿನವರೆಲ್ಲ ಮೆತ್ತಗೆ, ಉಳಿದವರೆಲ್ಲ ಕಠಿಣ ಅನ್ನೋದು ಸರಿ ಅಲ್ಲ.

ಉತ್ತರದ_ಬೆಳಕು

ಸರ್, ಒಪ್ಪಿದೆ. ನಾನಿರೋದೇ ಆ ಹತ್ತು ಲಕ್ಷದ ಒಂದು ಮನೆಯಲ್ಲಿ! ಮನೆ ತುಂಬಾ ಚೆನ್ನಾಗಿದೆ. ದೊಡ್ಡ ಕಿಟಕಿ, ಒಳ್ಳೆ ಅಡುಗೆಮನೆ, ಚಳಿ ಒಳಗೆ ಬರಲ್ಲ. ಅದಕ್ಕೆ ನಾನು ಋಣಿ.

ನನ್ನ ಮಾತು ಬೇರೆ. ಗಾಳಿ ಬೆಳಕು ಎಲ್ಲರಿಗೂ ಸಿಗಬೇಕು ಅನ್ನೋದು ಒಂದು. ಎಲ್ಲರ ಮನೆ ಒಳಗೂ ಒಂದೇ ಥರ ಕಾಣಬೇಕು ಅನ್ನೋದು ಇನ್ನೊಂದು. ಫ್ರಾಂಕ್ ಮೊದಲನೇದನ್ನ ಎಂದೂ ಬಿಡಲಿಲ್ಲ. ವಿಯೆನ್ನಾದಲ್ಲಿ ಕೂಲಿಕಾರರಿಗೆ ಮನೆ ಕಟ್ಟಿದವರು ಅವರು. ಎರಡನೇದನ್ನ ಮಾತ್ರ ಒಪ್ಪಲಿಲ್ಲ. ದಿನವಿಡೀ ಕಾರ್ಖಾನೆಯಲ್ಲಿ ದುಡಿದು ಬಂದವನ ಮನೆಯೂ ಕಾರ್ಖಾನೆ ಥರ ಯಾಕಿರಬೇಕು ಅನ್ನೋದು ಅವರ ಚಿಂತೆ. 1958ರಲ್ಲಿ ಇದಕ್ಕೆ ‘ಆಕ್ಸಿಡೆಂಟಿಸಂ’ ಅಂತ ಹೆಸರಿಟ್ಟರು. ನಮ್ಮ ಸುತ್ತಲಿನ ಜಾಗ ತಾನಾಗೇ, ಆಕಸ್ಮಿಕವಾಗಿ ಕೂಡಿ ಬಂದ ಹಾಗೆ ಇರಬೇಕು, ಒಬ್ಬರೇ ಕೂತು ಗೆರೆ ಎಳೆದ ಹಾಗಲ್ಲ ಅಂತ. ಅಜ್ಜಿ ಮನೆ ಪಡಸಾಲೆ ನೆನಪು ಮಾಡಿಕೊಳ್ಳಿ. ಒಂದೊಂದು ಸಾಮಾನು ಒಂದೊಂದು ಕಾಲದಲ್ಲಿ ಬಂದಿದ್ದು. ಯಾರೂ ‘ಥೀಮ್’ ಅಂತ ಹಾಕಿದ್ದಲ್ಲ.

ಇನ್ನೊಂದು ಮಾತು, ಫ್ರಾಂಕ್‌ಗೂ ಬಿಳಿ ಗೋಡೆ ಇಷ್ಟವೇ. ಬಣ್ಣದ ಬಟ್ಟೆಗೆ, ಮರಕ್ಕೆ, ನೆನಪಿನ ಸಾಮಾನಿಗೆ ಅದು ಹಿನ್ನೆಲೆ. ಈಗ ಹಿನ್ನೆಲೆ ಮಾತ್ರ ಉಳಿದಿದೆ, ಮುಂದೆ ನಿಲ್ಲಬೇಕಾಗಿದ್ದನ್ನೆಲ್ಲ ಲಾಫ್ಟ್‌ಗೆ ಹಾಕಿದ್ದಾರೆ.

ದಾರದುಂಡೆ

ಅಕ್ಕಾರ, ನಾನು ಧಾರವಾಡದಾಕಿ, ಕಸೂತಿ ಹಾಕತೀನಿ, ಕಲಸತೀನಿ. ನಿಮ್ಮ ತಾಯಿಯವರ ಬಟ್ಟಿ ಲಾಫ್ಟ್ ಮ್ಯಾಲೆ ಹೋಗೇದ ಅಂತ ಓದಿ ಹೊಟ್ಟಿ ಕಲಸಿತು. ಎಲ್ಲರಿಗೂ ತಿಳಿಯಲಿ ಅಂತ ಮುಂದಿನದನ್ನು ಪುಸ್ತಕದ ಕನ್ನಡದಲ್ಲೇ ಬರೆಯುತ್ತೇನೆ.

ಅಲಂಕಾರದಲ್ಲಿ ದುಡಿಮೆ ಹಾಳಾಗುತ್ತೆ ಅಂತ ಆಡಾಲ್ಫ್ ಲೂಸ್ ಎಂಬ ವಿಯೆನ್ನಾದ ಆರ್ಕಿಟೆಕ್ಟೇ ವಾದ ಮಾಡಿದ್ದರು ಅಂತ ಹಿಂದೊಮ್ಮೆ ಓದಿದ್ದೆ. ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿದೆ. ಕಸೂತಿಯ ಗವಂತಿ ಅನ್ನೋ ಹೊಲಿಗೆಯಲ್ಲಿ ಒಂದು ಗೋಪುರ ಹಾಕಬೇಕಾದರೆ ಬಟ್ಟೆಯ ಎಳೆ ಎಣಿಸಬೇಕು. ಮೊದಲೇ ಗುರುತು ಹಾಕಿಕೊಳ್ಳೋದಿಲ್ಲ, ಗಂಟು ಹಾಕೋ ಹಾಗಿಲ್ಲ. ಸೂಜಿ ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತೆ. ಆಗ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ. ಈ ದುಡಿಮೆ ಹಾಳು ಅಂತ ನನಗೆ ಎಂದೂ ಅನಿಸಿಲ್ಲ. ಅದಕ್ಕೆ ಕೊಡೋ ಕೂಲಿ ಕಡಿಮೆ ಅನ್ನೋದು ಅನ್ಯಾಯ. ಕೂಲಿ ಸರಿ ಮಾಡಬೇಕೇ ಹೊರತು ಹೂವು ತೆಗೆಯೋದಲ್ಲ.

ಒಂದು ಪ್ರಶ್ನೆ. ಆ ಅಂಗಡಿಯ ಆನೆ ಚಿತ್ರದ ಬಟ್ಟೆಯನ್ನು ಫೋಟೋದಲ್ಲಿ ನೋಡಿದ್ದೇನೆ. ನಮ್ಮ ಆನೆಗಳ ಹಾಗೇ ಸಾಲಾಗಿವೆ. ನಮ್ಮ ಕಡೆಯಿಂದ ಹೋಗಿದ್ದಾ?

ಉತ್ತರದ_ಬೆಳಕು

ಇಲ್ಲ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಅದು ಎಸ್ಟ್ರಿಡ್ ಎರಿಕ್ಸನ್ ಅವರೇ 1930ರ ದಶಕದ ಕೊನೆಯಲ್ಲಿ ಮಾಡಿದ್ದು. ಆಗಿನ ಬೆಲ್ಜಿಯನ್ ಕಾಂಗೋದ ಒಂದು ಬಟ್ಟೆ ನೋಡಿ ಮಾಡಿದರಂತೆ. ಒಂದೇ ಬುಡದಿಂದ ಹತ್ತು ಹೂವು ಬಿಡೋ ಮರ ಇದೆಯಲ್ಲ, ಆ ‘ಜೀವವೃಕ್ಷ’ ಮಾತ್ರ ನಮ್ಮ ಹಳೇ ಕಲಂಕಾರಿ ಬಟ್ಟೆಗಳಲ್ಲಿ ಧಾರಾಳವಾಗಿ ಇದೆ. ಕೂಲಿ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ.

ಕೆರೆದಂಡೆ

ಫಿನ್‌ಲ್ಯಾಂಡಿನ ಮರಿಮೆಕ್ಕೊ ಕಂಪನಿಯದು ಸೇರಿಸಿ. ಒಡತಿ ಆರ್ಮಿ ರಾಟಿಯಾ ‘ನಮ್ಮ ಬಟ್ಟೆಯಲ್ಲಿ ಹೂವು ಬೇಡ’ ಅಂದಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದ ಮೈಯಾ ಇಸೊಲಾ 1964ರಲ್ಲಿ ಬೇಕಂತಲೇ ಇಷ್ಟಗಲದ ಗಸಗಸೆ ಹೂವು ಬರೆದರು. ಇವತ್ತು ಆ ಕಂಪನಿ ಅಂದರೆ ಎಲ್ಲರಿಗೂ ನೆನಪಾಗೋದು ಅದೇ ಹೂವು.

ಚೌಕದೊಳಗೆ

ಭಾರತದ ನಂಟು ಕೇಳಿದ್ದಕ್ಕೆ ಹೇಳುತ್ತೇನೆ, ಒಂದು ನಿಜವಾದ ನಂಟು ಇದೆ. ರೂರ್ಕಿ ಕುರ್ಚಿ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಎಂಜಿನಿಯರ್‌ಗಳ ನೆಲೆ ಉತ್ತರ ಭಾರತದ ರೂರ್ಕಿಯಲ್ಲಿತ್ತು. ಆ ಊರಿನ ಹೆಸರೇ ಕುರ್ಚಿಗೆ ಬಂತು. ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ, ಕ್ಯಾನ್ವಾಸ್ ಬಟ್ಟೆ. ಅಂಟಿಲ್ಲ, ಮೊಳೆ ಇಲ್ಲ. ಬಿಚ್ಚಿ ಗಂಟು ಕಟ್ಟಿ ಒಯ್ಯಬಹುದು. ಜೋಡಣೆ ಸಡಿಲವಾಗಿರೋದರಿಂದ ಹಳ್ಳದಿಣ್ಣೆ ನೆಲದಲ್ಲೂ ನಾಲ್ಕು ಕಾಲೂ ಊರುತ್ತೆ.

ಇದೇ ಕುರ್ಚಿಯ ಜಾಡು ಹಿಡಿದು ಎರಡು ಕಡೆ ಕೆಲಸ ನಡೆಯಿತು. 1928ರಲ್ಲಿ ಪ್ಯಾರಿಸ್‌ನಲ್ಲಿ ಶಾರ್ಲೊಟ್ ಪೆರಿಯಾಂಡ್, ಪಿಯೆರ್ ಜಾನೆರೆ, ಲ ಕಾರ್ಬೂಸಿಯೆ ಅದನ್ನ ಹೊಳೆಯೋ ಉಕ್ಕಿನ ಕೊಳವೆಗೆ ತಂದರು. ಬೆನ್ನು ಕೀಲಿನ ಮೇಲೆ ತಿರುಗೋದು ಕೂಡ ಅದೇ. 1933ರಲ್ಲಿ ಡೆನ್ಮಾರ್ಕ್‌ನ ಕೋರೆ ಕ್ಲಿಂಟ್ ಅದನ್ನ ಮರದಲ್ಲೇ ಉಳಿಸಿಕೊಂಡು, ಅಳತೆ ತಿದ್ದಿ, ತೊಗಲಿನ ಪಟ್ಟಿ ಹಾಕಿ ‘ಸಫಾರಿ ಕುರ್ಚಿ’ ಮಾಡಿದರು.

ಕ್ಲಿಂಟ್ 1924ರಲ್ಲಿ ಕೋಪನ್‌ಹೇಗನ್‌ನ ರಾಯಲ್ ಅಕಾಡೆಮಿಯಲ್ಲಿ ಪೀಠೋಪಕರಣ ವಿಭಾಗ ಶುರು ಮಾಡಿದವರು. ಅವರ ಕ್ಲಾಸಿನಲ್ಲಿ ಹುಡುಗರು ಹಳೇ ಇಂಗ್ಲಿಷ್ ಕುರ್ಚಿ, ಚೀನೀ ಕುರ್ಚಿ ಎಲ್ಲ ಅಳೆಯುತ್ತಿದ್ದರು. ಒಂದು ಮನೆಯಲ್ಲಿ ತಟ್ಟೆ ಎಷ್ಟು, ಅಂಗಿ ಎಷ್ಟು, ಮಡಚಿದರೆ ಎಷ್ಟಗಲ ಅಂತ ಅಳೆದು ಕಪಾಟಿನ ಖಾನೆ ಮಾಡುತ್ತಿದ್ದರು. ಜರ್ಮನಿಯ ಬೌಹೌಸ್ ಅನ್ನೋ ವಿನ್ಯಾಸ ಶಾಲೆಯವರು ಹಳೇದನ್ನು ಒರೆಸಿ ಹೊಸದಾಗಿ ಶುರು ಮಾಡೋಣ ಅಂದರು. ಇವರು ಹಳಬರು ಕಂಡುಕೊಂಡಿದ್ದನ್ನು ಮೊದಲು ತಿಳಿಯೋಣ ಅಂದರು. ಲೆಕ್ಕಾಚಾರ ಎರಡೂ ಕಡೆ ಇದೆ. ನಿಜ ಹೇಳಬೇಕು ಅಂದರೆ, ಪಾಠ ಮಾಡುತ್ತಾ ಮಾಡುತ್ತಾ ನನಗೆ ಕ್ಲಿಂಟ್ ಹಾದಿಯೇ ಜಾಸ್ತಿ ಹತ್ತಿರ ಆಗಿದೆ.

ಹಲಸಿನ_ಹಲಗೆ

ಸರ್, ಚೀನೀ ಕುರ್ಚಿ ಅಂದಿರಲ್ಲ, ಡೆನ್ಮಾರ್ಕ್‌ನ ಹಾನ್ಸ್ ವೆಗ್ನರ್ ಅವರ ವೈ ಆಕಾರದ ಬೆನ್ನಿನ ಕುರ್ಚಿ ಬಂದಿದ್ದೂ ಆ ಹಳೇ ಚೀನೀ ಕುರ್ಚಿಗಳಿಂದಲೇ. 1950ರಿಂದ ಇವತ್ತಿನವರೆಗೂ ನಿಲ್ಲದೆ ತಯಾರಾಗುತ್ತಿದೆ. ಕೂರೋ ಜಾಗಕ್ಕೆ ಸುಮಾರು 120 ಮೀಟರ್ ಕಾಗದದ ಹುರಿ, ಕೈಯಲ್ಲೇ ಹೆಣೆಯೋದು.

ನನಗೆ ಅದಕ್ಕಿಂತ ಇಷ್ಟವಾದದ್ದು ಅವರ 1949ರ ದುಂಡು ಕುರ್ಚಿ. 1960ರಲ್ಲಿ ಕೆನಡಿ, ನಿಕ್ಸನ್ ಟಿವಿ ಚರ್ಚೆಗೆ ಇಟ್ಟಿದ್ದು ಅದೇ. ಮೊದಲು ಮಾಡಿದಾಗ ಬೆನ್ನಿನ ಜೋಡಣೆ ಕಾಣಬಾರದು ಅಂತ ಬೆತ್ತ ಸುತ್ತಿದ್ದರು. ಆಮೇಲೆ ಮುಚ್ಚೋದು ಬೇಡ ಅಂತ, ಎರಡು ಕೈಯ ಬೆರಳು ಒಂದರೊಳಗೊಂದು ಹೊಗಿಸಿದ ಹಾಗೆ ಹಲ್ಲು ಹಲ್ಲಾಗಿ ಜೋಡಿಸಿ, ಹಾಗೇ ಕಾಣೋಕೆ ಬಿಟ್ಟರು. ಆ ಗೆರೆಯೇ ಕುರ್ಚಿಯ ಅಂದ ಆಯಿತು. ಅಲಂಕಾರ ಬೇಡ ಅನ್ನೋರಿಗೂ, ಬೇಕು ಅನ್ನೋರಿಗೂ ಅದು ಉತ್ತರ ಅನಿಸುತ್ತೆ ನನಗೆ.

ಎರಡನೇ_ಮಹಡಿ

ಇಂಥ ಕುರ್ಚಿ ನಮ್ಮಂಥವರ ಕೈಗೆಟುಕಲ್ಲ ಬಿಡಿ. ಎಲ್ಲರಿಗೂ ಸೌಂದರ್ಯ ಅಂತ ಶುರುವಾಗಿದ್ದು ಇವತ್ತು ಶ್ರೀಮಂತರ ಊಟದ ಮನೆಯಲ್ಲಿದೆ. ಅಂಥದೇ ನಕಲಿ ಆರು ಕುರ್ಚಿ ಆನ್‌ಲೈನ್‌ನಲ್ಲಿ ತರಿಸಿದ್ದೆ, ವರ್ಷದೊಳಗೆ ಎರಡರ ಕಾಲು ಅಲ್ಲಾಡುತ್ತಿದೆ.

ಚೌಕದೊಳಗೆ

ನಿಮ್ಮ ಮಾತು ನಿಜ, ಅದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಎಲ್ಲೆನ್ ಕೇಯ್ ಅನ್ನೋ ಲೇಖಕಿ 1899ರಲ್ಲೇ ಸ್ವೀಡನ್‌ನಲ್ಲಿ ಚಂದ ಎಲ್ಲರ ಮನೆಗೂ ಬೇಕು ಅಂತ ಬರೆದರು. ಅಗ್ಗದ ದಾರಿಯನ್ನು 1943ರಲ್ಲಿ ಶುರುವಾದ ಐಕಿಯಾ ಹಿಡಿಯಿತು, 2022ರಲ್ಲಿ ನಮ್ಮ ನಾಗಸಂದ್ರಕ್ಕೂ ಬಂತು. ಕೈಗೆಲಸದ ದಾರಿ ದುಬಾರಿಯಾಗೇ ಉಳಿಯಿತು.

ರಾತ್ರಿಪಾಳಿ

ಬೆಳಕಿನ ವಿಷಯ ಯಾರೂ ಮುಂದುವರಿಸಲಿಲ್ಲ. ಮನೆಗೆ ದೀಪ ಹಾಕಿಸುವಾಗ ಹೇಗೆ ನೋಡಬೇಕು?

ಉತ್ತರದ_ಬೆಳಕು

ಡೆನ್ಮಾರ್ಕ್‌ನ ಪೌಲ್ ಹೆನ್ನಿಂಗ್ಸನ್ ಇದಕ್ಕಾಗಿಯೇ 1920ರ ದಶಕದಿಂದ ದುಡಿದರು. ಆಗ ವಿದ್ಯುತ್ ಹೊಸದು, ಬರಿಯ ಬಲ್ಬು ತೂಗು ಹಾಕೋದೇ ಹೊಸತನ. ಅವರು ಬಲ್ಬಿನ ಸುತ್ತ ಒಂದರ ಕೆಳಗೊಂದು ಕವುಚಿದ ತಟ್ಟೆ ಥರದ ಮೂರು ಮರೆ ಇಟ್ಟರು. ಮೇಜಿಗೆ ಊಟ ಕಾಣುವಷ್ಟು ಬೆಳಕು ಬೀಳುತ್ತೆ, ಎದುರಿಗೆ ಕೂತವರ ಮುಖ ಕಾಣುತ್ತೆ, ಬಲ್ಬು ಮಾತ್ರ ಯಾರ ಕಣ್ಣಿಗೂ ಹೊಡೆಯಲ್ಲ. ನಾನು ಒಂದು ಕೆಫೆಯಲ್ಲಿ ಅದರ ಕೆಳಗೆ ಕೂತು, ತಲೆ ಬಗ್ಗಿಸಿ, ಓರೆ ಮಾಡಿ ಎಲ್ಲ ನೋಡಿದೆ. ಕಾಣಲಿಲ್ಲ. ನಿಮಗೆ ಅಷ್ಟು ದುಬಾರಿ ದೀಪ ಬೇಕಿಲ್ಲ. ದೀಪ ಹಾಕಿಸೋ ಮೊದಲು ನೀವು ಕೂರೋ ಜಾಗದಲ್ಲಿ ಕೂತು, ಮಲಗೋ ಜಾಗದಲ್ಲಿ ಮಲಗಿ ನೋಡಿ. ಬಲ್ಬು ಕಂಡರೆ ಮರೆ ಬೇಕು. ಇಡೀ ಕೋಣೆಗೆ ಒಂದೇ ದೊಡ್ಡ ದೀಪಕ್ಕಿಂತ, ಬೇಕಾದ ಕಡೆ ಕೆಳಗೆ ತೂಗೋ ಮೂರು ಸಣ್ಣ ದೀಪ ಒಳ್ಳೇದು.

ಅಂದ ಹಾಗೆ, ಅಕ್ಕ ಇದೆಲ್ಲ ಓದಿದಳು. ನಿನ್ನೆ ಫೋನ್ ಮಾಡಿದ್ದಳು. ಅಜ್ಜನ ಕುರ್ಚಿ ಕೆಳಗಿಳಿಸಿದ್ದಾಳೆ! ಆದರೆ ಕೂರೋ ಜಾಗದ ಬೆತ್ತ ಜೋತುಬಿದ್ದಿದೆ. ಪ್ಲೈವುಡ್ ಹಲಗೆ ಬಡಿಸಿಬಿಡಲಾ ಅಂತ ಕೇಳುತ್ತಿದ್ದಾಳೆ.

ಹಲಸಿನ_ಹಲಗೆ

ಬೇಡ ಬೇಡ, ಮೊಳೆ ಹೊಡೆಸಬೇಡಿ! ಬೆತ್ತ ಎಲ್ಲೂ ಹರಿದಿಲ್ಲ, ಬರೀ ಜೋತುಬಿದ್ದಿದೆ ಅಂದರೆ ಹೀಗೆ ಮಾಡೋಕೆ ಹೇಳಿ. ಕುರ್ಚಿ ತಲೆಕೆಳಗಾಗಿ ಇಟ್ಟು, ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನ ಬೆತ್ತದ ಕೆಳಮೈ ಮೇಲೆ ಅರ್ಧ ಗಂಟೆ ಹಾಸಿ. ಮರಕ್ಕೆ ನೀರು ತಾಗಬಾರದು. ಆಮೇಲೆ ನೆರಳಲ್ಲಿ ಒಣಗೋಕೆ ಬಿಡಿ, ಎರಡು ದಿನ ಯಾರೂ ಕೂರಬಾರದು. ಒಣಗುತ್ತಾ ತಾನೇ ಬಿಗಿಯುತ್ತೆ. ಹರಿದಿದ್ದರೆ ಪೂರ್ತಿ ಬಿಚ್ಚಿ ಹೊಸದಾಗಿ ಹೆಣೆಸಬೇಕು. ಚೌಕಟ್ಟಿನ ಸುತ್ತ ತೂತು ಇದೆಯಾ, ಇಲ್ಲ ಕಾಲುವೆ ಥರ ತೋಡಿದ ಗೆರೆ ಇದೆಯಾ ನೋಡಿ, ಹತ್ತಿರದಿಂದ ಒಂದು ಫೋಟೋ ಹಾಕೋಕೆ ಹೇಳಿ. ತೂತು ಇದ್ದರೆ ಕೈಯಲ್ಲೇ ಹೆಣೆದ ಬೆತ್ತ ಅಂತ ಅರ್ಥ. ಅದಕ್ಕೆ ಯಾರ ಹತ್ತಿರ ಹೋಗಬೇಕು ಅಂತ ನಾನು ವಿಚಾರಿಸಿ ಹೇಳುತ್ತೇನೆ.

ದಾರದುಂಡೆ

ಮೇಜಿನ ಬಟ್ಟೆಯ ಫೋಟೋನೂ ಹಾಕ್ರಿ. ಹಿಂದಿನ ಮಗ್ಗಲದ್ದು.